ಲಕ್ಷಕ್ಕೆ ಕಂತು ಎಷ್ಟು?

ಕಾರಿನ ಷೋರೂಮಿಗೆ ಹೋಗಿ ಕೂತವರಿಗೆ ಕಾಫಿಯ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ: ‘ಸರ್, ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ?’ ಗಂಡ ಹೆಂಡತಿಯ ಮುಖ ನೋಡುತ್ತಾನೆ. ಮನೆ ಸಾಲ, ಮಕ್ಕಳ ಫೀಸು, ಊರಿಗೆ ಕಳಿಸುವ ದುಡ್ಡು ಎಲ್ಲ ಒಂದು ಗಳಿಗೆ ಇಬ್ಬರ ತಲೆಯಲ್ಲೂ ಹಾದುಹೋಗುತ್ತವೆ. ‘ಒಂದು ಹನ್ನೆರಡು, ಹದಿಮೂರು ಸಾವಿರ?’ ಎನ್ನುತ್ತಾರೆ. ‘ಆಗುತ್ತೆ ಸರ್, ಅಷ್ಟಕ್ಕೇ ಕೂರಿಸಿ ಕೊಡ್ತೀನಿ.’ ಮಾರಾಟದ ಹುಡುಗ ಟ್ಯಾಬಿನ ಮೇಲೆ ಬೆರಳಾಡಿಸಿ 12,871 ಎಂದು ತೋರಿಸುತ್ತಾನೆ. ಎಲ್ಲರಿಗೂ ಸಮಾಧಾನ. ಬಣ್ಣ ಯಾವುದು ಎಂಬಲ್ಲಿಗೆ ಮಾತು ಹೊರಳುತ್ತದೆ.

ಸಾಲ ಎಷ್ಟು, ಬಡ್ಡಿ ಎಷ್ಟು, ಎಷ್ಟು ವರ್ಷ ಎಂಬ ಮೂರು ಮಾತು ಅಲ್ಲಿ ಬರಲೇ ಇಲ್ಲ. ಕಂತನ್ನು ತೀರ್ಮಾನಿಸುವುದು ಈ ಮೂರೇ. ಇವುಗಳಲ್ಲಿ ಸಾಲವನ್ನು ಇಳಿಸುವುದು ಕಷ್ಟ, ಅದಕ್ಕೆ ಕೈಯಿಂದ ದುಡ್ಡು ಹಾಕಬೇಕು. ಬಡ್ಡಿಯನ್ನು ಇಳಿಸುವುದೂ ಕಷ್ಟ, ಅದು ಬ್ಯಾಂಕಿನ ಕೈಯಲ್ಲಿದೆ. ವರ್ಷಗಳನ್ನು ಹಿಗ್ಗಿಸುವುದು ಮಾತ್ರ ಬಹಳ ಸಲೀಸು. ಹಾಗಾಗಿ ‘ತಿಂಗಳಿಗೆ ಇಷ್ಟು’ ಎಂದು ನೀವು ಮೊದಲೇ ಹೇಳಿಬಿಟ್ಟರೆ ಆ ಅಂಕಿಯೊಳಗೆ ಯಾವ ಕಾರನ್ನು ಬೇಕಾದರೂ ಕೂರಿಸಬಹುದು. ಇದರಲ್ಲಿ ಆ ಹುಡುಗನ ತಪ್ಪೇನೂ ಇಲ್ಲ. ಅವನಿಗೆ ತಿಂಗಳ ಟಾರ್ಗೆಟ್ ಇದೆ, ಸಾಲ ಕೊಡಿಸಿದ್ದಕ್ಕೆ ಡೀಲರಿಗೆ ಬ್ಯಾಂಕಿನಿಂದ ಕಮಿಷನ್ ಬರುವುದೂ ಗುಟ್ಟೇನಲ್ಲ. ಅವನು ತನ್ನ ಲೆಕ್ಕ ಮಾಡಿಕೊಂಡೇ ಕೂತಿದ್ದಾನೆ. ನಾವು ಮಾತ್ರ ಲೆಕ್ಕವಿಲ್ಲದೆ ಹೋಗಿರುತ್ತೇವೆ.

ಈ ಲೆಕ್ಕ ಮನೆಯಲ್ಲೇ, ಷೋರೂಮಿಗೆ ಹೊರಡುವ ಮೊದಲೇ ಆಗಬೇಕು ಎಂಬುದು ನನ್ನ ವಾದ. ಅದರಲ್ಲೂ ಈಗ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದೇ ವರ್ಷದ ಫೆಬ್ರುವರಿಯಿಂದ ಡಿಸೆಂಬರ್ ಹೊತ್ತಿಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 6.50ರಿಂದ ಹಂತಹಂತವಾಗಿ ಶೇ 5.25ಕ್ಕೆ ಬಂತು. ಬೆಲೆಯೂ ಇಳಿಯಿತು, ಬಡ್ಡಿಯೂ ಇಳಿಯಿತು. ಉಳಿದ ದುಡ್ಡು ಮನೆಯಲ್ಲಿ ಉಳಿಯಬೇಕಿತ್ತು. ಆದರೆ ‘ಹೇಗೂ ಕಡಿಮೆಯಾಗಿದೆಯಲ್ಲ’ ಎಂದು ಒಂದು ಮೆಟ್ಟಿಲು ಮೇಲಿನ ಮಾಡೆಲ್ಲು, ಸನ್‌ರೂಫ್ ಇರುವ ವೇರಿಯಂಟು ಬುಕ್ ಮಾಡಿದವರನ್ನು ನಾನೇ ನೋಡಿದ್ದೇನೆ. ತೆರಿಗೆಯಲ್ಲಿ ಉಳಿದದ್ದು ಹಾಗೆ ಚಾವಣಿಗೆ ಹೋಯಿತು.

ಲೆಕ್ಕ ಕಷ್ಟದ್ದಲ್ಲ. ಒಂದೇ ಒಂದು ಅಂಕಿ ಬಾಯಿಗೆ ಬರುತ್ತಿದ್ದರೆ ಸಾಕು: ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಎಷ್ಟು? ವರ್ಷಕ್ಕೆ ಶೇ 9ರ ಬಡ್ಡಿ ಎಂದು ಹಿಡಿದರೆ ಒಂದು ಲಕ್ಷಕ್ಕೆ 3 ವರ್ಷಕ್ಕೆ 3,180 ರೂಪಾಯಿ, 4 ವರ್ಷಕ್ಕೆ 2,489, 5 ವರ್ಷಕ್ಕೆ 2,076, 6 ವರ್ಷಕ್ಕೆ 1,803, 7 ವರ್ಷಕ್ಕೆ 1,609. ಎಂಟು ಲಕ್ಷ ಸಾಲವಾದರೆ ಎಂಟರಿಂದ ಗುಣಿಸಿ, ಆರೂವರೆ ಲಕ್ಷವಾದರೆ ಆರೂವರೆಯಿಂದ. ಬಡ್ಡಿ ಶೇ 10 ಆದರೆ 5 ವರ್ಷದ ಅಂಕಿ 2,125, 7 ವರ್ಷದ್ದು 1,660. ಇಷ್ಟನ್ನು ಡೈರಿಯ ಒಂದು ಮೂಲೆಯಲ್ಲಿ ಬರೆದುಕೊಂಡವರು ಯಾವ ಟ್ಯಾಬಿನ ಮುಂದೆಯೂ ತಬ್ಬಿಬ್ಬಾಗಬೇಕಿಲ್ಲ. ಎಕ್ಸೆಲ್ ಗೊತ್ತಿದ್ದವರಿಗೆ ಅದರಲ್ಲಿ ಪಿಎಂಟಿ ಎಂಬ ಸೂತ್ರವಿದೆ. ತಿಂಗಳ ಬಡ್ಡಿ ದರ, ಕಂತುಗಳ ಸಂಖ್ಯೆ, ಸಾಲದ ಮೊತ್ತ ಮೂರನ್ನು ಕೊಟ್ಟರೆ ಪೈಸೆಯ ತನಕ ಉತ್ತರ ಬರುತ್ತದೆ.

ಈಗ ಎಂಟು ಲಕ್ಷದ ಸಾಲವನ್ನೇ ಹಿಡಿದು ನೋಡೋಣ. 3 ವರ್ಷಕ್ಕೆ ಕಂತು 25,440 ರೂಪಾಯಿ. 5 ವರ್ಷಕ್ಕೆ 16,607. 7 ವರ್ಷಕ್ಕೆ 12,871, ಷೋರೂಮಿನಲ್ಲಿ ಕಂಡ ಅಂಕಿ ಅದೇ. ಹನ್ನೆರಡು ಸಾವಿರದ ಚಿಲ್ಲರೆ ಎಂಬುದು ಕಿವಿಗೆ ಹಗುರವಾಗಿ ಕೇಳುತ್ತದೆ. ಆದರೆ ಕಟ್ಟುವ ಒಟ್ಟು ಬಡ್ಡಿ? ಮೂರು ವರ್ಷಕ್ಕೆ ಸುಮಾರು 1.16 ಲಕ್ಷ, ಐದು ವರ್ಷಕ್ಕೆ 1.96 ಲಕ್ಷ, ಏಳು ವರ್ಷಕ್ಕೆ 2.81 ಲಕ್ಷ. ಐದರಿಂದ ಏಳಕ್ಕೆ ಹೋದದ್ದಕ್ಕೆ ತೆತ್ತ ಬೆಲೆ 85 ಸಾವಿರ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. ಬಡ್ಡಿಯಲ್ಲಿ ಅರ್ಧ ಪರ್ಸೆಂಟಿಗಾಗಿ ನಾವು ನಾಲ್ಕು ಬ್ಯಾಂಕು ಸುತ್ತುತ್ತೇವೆ, ಪರಿಚಯದ ಮ್ಯಾನೇಜರನ್ನು ಹುಡುಕುತ್ತೇವೆ. ಅದು ತಪ್ಪಲ್ಲ, ಸುತ್ತಲೇಬೇಕು. ಆದರೆ ಎಂಟು ಲಕ್ಷಕ್ಕೆ, ಐದು ವರ್ಷಕ್ಕೆ, ಶೇ 9.5ರ ಬದಲು ಶೇ 9 ಸಿಕ್ಕರೆ ತಿಂಗಳಿಗೆ ಉಳಿಯುವುದು 195 ರೂಪಾಯಿ, ಐದು ವರ್ಷದಲ್ಲಿ 11,700ರ ಹತ್ತಿರ. ಅರ್ಧ ಪರ್ಸೆಂಟಿಗೆ ಅಷ್ಟು ಓಡಾಡಿ 11,700 ಉಳಿಸಿದವರು, ‘ಏಳು ವರ್ಷಕ್ಕೇ ಮಾಡಿಬಿಡಿ’ ಎಂಬ ಒಂದು ಮಾತಿನಲ್ಲಿ 85 ಸಾವಿರ ಬಿಟ್ಟುಕೊಡುತ್ತಾರೆ. ನಮ್ಮ ಚೌಕಾಸಿಯೆಲ್ಲ ದರದ ಮೇಲೆ ನಡೆಯುತ್ತದೆ, ಅವಧಿಯ ಮೇಲೆ ನಡೆಯುವುದೇ ಇಲ್ಲ.

ಅವಧಿ ಹಿಗ್ಗಿದರೆ ಬಡ್ಡಿ ಯಾಕೆ ಇಷ್ಟು ಬೆಳೆಯುತ್ತದೆ ಎಂದು ತಿಳಿಯಬೇಕಾದರೆ ಮೊದಲ ಕಂತನ್ನು ಬಿಡಿಸಿ ನೋಡಬೇಕು. ಎಂಟು ಲಕ್ಷಕ್ಕೆ ಶೇ 9ರಂತೆ ಮೊದಲ ತಿಂಗಳ ಬಡ್ಡಿ 6,000 ರೂಪಾಯಿ. ನೀವು ಐದು ವರ್ಷಕ್ಕೆ ಸಾಲ ಮಾಡಿದ್ದರೂ ಅಷ್ಟೇ, ಏಳು ವರ್ಷಕ್ಕೆ ಮಾಡಿದ್ದರೂ ಅಷ್ಟೇ. ಐದು ವರ್ಷದ 16,607ರಲ್ಲಿ ಬಡ್ಡಿ ಕಳೆದು 10,607 ಅಸಲಿಗೆ ಹೋಗುತ್ತದೆ. ಏಳು ವರ್ಷದ 12,871ರಲ್ಲಿ ಅಸಲಿಗೆ ಹೋಗುವುದು 6,871 ಮಾತ್ರ. ಅಸಲು ನಿಧಾನವಾಗಿ ಕರಗುವುದರಿಂದ ಮುಂದಿನ ತಿಂಗಳ ಬಡ್ಡಿಯೂ ನಿಧಾನವಾಗಿಯೇ ಇಳಿಯುತ್ತದೆ. ತಿಂಗಳಿಗೆ ಮೂರೂಮುಕ್ಕಾಲು ಸಾವಿರ ಕಡಿಮೆ ಕಟ್ಟಿದ ಸಮಾಧಾನವಷ್ಟೂ ಅಸಲಿನ ಪಾಲಿನಿಂದ ಕಿತ್ತದ್ದು, ಬಡ್ಡಿಯ ಪಾಲಿನಿಂದ ಒಂದು ರೂಪಾಯಿಯೂ ಅಲ್ಲ.

ಎಂಟು ಲಕ್ಷ ಸಾಲ ಬಂದದ್ದಾದರೂ ಎಲ್ಲಿಂದ?

ಜಾಹೀರಾತಿನಲ್ಲಿ ಕಾಣುವುದು ಎಕ್ಸ್‌ಷೋರೂಂ ಬೆಲೆ. ಗಾಡಿ ರಸ್ತೆಗಿಳಿಯುವುದು ಆನ್‌ರೋಡ್ ಬೆಲೆಗೆ. ಈ ಎರಡರ ನಡುವಿನ ಅಂತರ ಕರ್ನಾಟಕದಲ್ಲಿ ಸಣ್ಣದಲ್ಲ. ನಮ್ಮಲ್ಲಿ ಸ್ವಂತ ಬಳಕೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಒಂದೇ ಸಲ ಕಟ್ಟುವ ಆಜೀವ ತೆರಿಗೆ ಇದೆ. 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಸೆಸ್. ಬೆಂಗಳೂರಿನಲ್ಲಿ ತೆಗೆದರೂ ಬಾಗಲಕೋಟೆಯಲ್ಲಿ ತೆಗೆದರೂ ದರ ಒಂದೇ.

9 ಲಕ್ಷ ಎಕ್ಸ್‌ಷೋರೂಂ ಬೆಲೆಯ ಕಾರಿನ ಕೊಟೇಷನ್ ಕೈಗೆ ಸಿಕ್ಕಿತೆಂದು ಇಟ್ಟುಕೊಳ್ಳಿ. ತೆರಿಗೆ ಮತ್ತು ಸೆಸ್ ಸೇರಿ 1.4 ಲಕ್ಷದ ಆಸುಪಾಸು. ಅದರ ಕೆಳಗೆ ವಿಮೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕೆಂಬುದು 2018ರ ಸೆಪ್ಟೆಂಬರಿನಿಂದ ಇರುವ ನಿಯಮ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು. ಅದಕ್ಕೆ ಒಂದು ವರ್ಷದ ಸ್ವಂತ ಹಾನಿ ವಿಮೆ, ಝೀರೊ ಡೆಪ್ರಿಸಿಯೇಷನ್ ಸೇರಿಸಿ 45 ಸಾವಿರ ಎಂದುಕೊಳ್ಳೋಣ. ನೋಂದಣಿ, ಫಾಸ್ಟ್ಯಾಗ್ ಇತ್ಯಾದಿ 5 ಸಾವಿರ. ಇಲ್ಲಿಗೆ 10.9 ಲಕ್ಷ ಆಯಿತು. ಇದರ ಕೆಳಗೆ ಬರುವ ಸಾಲುಗಳನ್ನು ಬೆರಳಿಟ್ಟು ಓದಬೇಕು: ಸೀಟ್ ಕವರು, ಮ್ಯಾಟು, ಮಡ್‌ಫ್ಲಾಪು ಸೇರಿದ ‘ಆಕ್ಸೆಸರಿ ಪ್ಯಾಕ್’, ಹೆಚ್ಚುವರಿ ವಾರಂಟಿ, ಬಣ್ಣಕ್ಕೆ ಲೇಪನ, ‘ಹ್ಯಾಂಡ್ಲಿಂಗ್’ ಎಂದೋ ‘ಲಾಜಿಸ್ಟಿಕ್ಸ್’ ಎಂದೋ ಬರೆದ ಒಂದು ಮೊತ್ತ. ಇವುಗಳಲ್ಲಿ ಯಾವುದೂ ಸರ್ಕಾರಕ್ಕೆ ಹೋಗುವುದಲ್ಲ. ಬೇಡವಾದದ್ದನ್ನು ಹೊಡೆದು ಹಾಕಿ ಎಂದು ಕೇಳುವ ಹಕ್ಕು ನಿಮಗಿದೆ. ವಿಮೆಯನ್ನೂ ಅವರಲ್ಲೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ, ಹೊರಗೆ ಎರಡು ಕಡೆ ವಿಚಾರಿಸಿ ಆ ದರ ತೋರಿಸಿದರೆ ಷೋರೂಮಿನ ದರವೂ ಎಷ್ಟೋ ಸಲ ಇಳಿಯುತ್ತದೆ.

10 ಲಕ್ಷದ ಗಡಿಯನ್ನು ವಿಶೇಷವಾಗಿ ನೋಡಿಕೊಳ್ಳಿ. 9.9 ಲಕ್ಷದ ಕಾರಿಗೆ ಶೇ 14ರಂತೆ ತೆರಿಗೆ 1,38,600. ಬರೀ 20 ಸಾವಿರ ಹೆಚ್ಚಿನ, 10.1 ಲಕ್ಷದ ವೇರಿಯಂಟಿಗೆ ಶೇ 17ರಂತೆ 1,71,700. ಇಪ್ಪತ್ತು ಸಾವಿರದ ವ್ಯತ್ಯಾಸ ಸೆಸ್‌ಗೂ ಮೊದಲೇ 53 ಸಾವಿರವಾಯಿತು. ಜೊತೆಗೆ 10 ಲಕ್ಷ ಮೀರಿದ ಕಾರಿಗೆ ಡೀಲರು ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ವಸೂಲಿ ಮಾಡುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಜಮಾ ಆಗುತ್ತದಾದರೂ ಗಾಡಿ ತರುವ ದಿನ ಕೈಯಿಂದಲೇ ಕೊಡಬೇಕು. ‘ಇನ್ನೊಂದು ಇಪ್ಪತ್ತು ಸಾವಿರ ಅಷ್ಟೇ ಸರ್’ ಎಂಬ ಮಾತು ಈ ಗಡಿಯಲ್ಲಿ ಬಂದರೆ ಕಾಗದ ಪೆನ್ನು ತೆಗೆಯಿರಿ.

10.9 ಲಕ್ಷದಲ್ಲಿ 8 ಲಕ್ಷ ಸಾಲ, 2.9 ಲಕ್ಷ ಕೈಯಿಂದ. ಈ ಕೈಯಿಂದ ಹಾಕುವ ದುಡ್ಡಿನ ವಿಷಯದಲ್ಲೇ ಬಹಳ ಮನೆಗಳು ಎಡವುವುದು. ಉಳಿತಾಯದಿಂದ ಬಂದರೆ ಸರಿ. ಆದರೆ ಡೌನ್‌ಪೇಮೆಂಟಿಗೆಂದು ಹೆಂಡತಿಯ ಬಳೆ, ಸರ ಅಡವಿಟ್ಟು ಚಿನ್ನದ ಸಾಲ ತೆಗೆಯುವುದು, ಸಂಬಳದ ಮೇಲೆ ಪರ್ಸನಲ್ ಲೋನ್ ಮಾಡುವುದು, ಪತ್ತಿನ ಸಹಕಾರ ಸಂಘದಲ್ಲಿ ಜಾಮೀನಿನ ಮೇಲೆ ಎತ್ತುವುದು ನಮ್ಮಲ್ಲಿ ಸಾಮಾನ್ಯ. ಆಗ ಕಂತು ಒಂದಲ್ಲ, ಎರಡು. ಅದೂ ಎರಡನೆಯದರ ಬಡ್ಡಿ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಜಾಸ್ತಿ ಇರುತ್ತದೆ. ಟ್ಯಾಬಿನ ಅಂಕಿಯಲ್ಲಿ ಅದು ಕಾಣಿಸುವುದೇ ಇಲ್ಲ. ಡೌನ್‌ಪೇಮೆಂಟಿಗೂ ಸಾಲವೇ ಗತಿ ಎಂದಾದರೆ ಆ ಕಾರನ್ನು ಆ ವರ್ಷ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಗ್ಗವಾಗಿ ಕಾಣುವ ಬಡ್ಡಿ

ಹಳೆಯ ಕಾರು ಕೊಳ್ಳುವವರಿಗೆ, ಸಣ್ಣ ಊರುಗಳ ಖಾಸಗಿ ಫೈನಾನ್ಸ್‌ಗಳಲ್ಲಿ ಸಾಲ ಮಾಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ‘ಬ್ಯಾಂಕಿನಲ್ಲಿ ಒಂಬತ್ತು ಪರ್ಸೆಂಟು, ನಮ್ಮಲ್ಲಿ ಏಳೇ’ ಎನ್ನುವವರು ಸಿಗುತ್ತಾರೆ. ಆ ಏಳು ಫ್ಲಾಟ್ ದರ. ಎಂಟು ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 56 ಸಾವಿರ, ಐದು ವರ್ಷಕ್ಕೆ 2.8 ಲಕ್ಷ ಬಡ್ಡಿ. ಅದನ್ನು ಅಸಲಿಗೆ ಕೂಡಿಸಿ 60ರಿಂದ ಭಾಗಿಸಿದರೆ ಕಂತು 18,000. ಬ್ಯಾಂಕಿನ ಶೇ 9ರ ಸಾಲಕ್ಕೆ ಕಂತು 16,607 ಎಂದು ನೋಡಿದೆವಲ್ಲ. ಏಳು ಪರ್ಸೆಂಟಿನ ಸಾಲದ ಕಂತು ಒಂಬತ್ತು ಪರ್ಸೆಂಟಿನದಕ್ಕಿಂತ ಸುಮಾರು 1,400 ರೂಪಾಯಿ ಹೆಚ್ಚು!

ಕಾರಣ ಇಷ್ಟೇ. ಬ್ಯಾಂಕು ಬಡ್ಡಿ ಹಾಕುವುದು ಆ ತಿಂಗಳು ಉಳಿದಿರುವ ಬಾಕಿಯ ಮೇಲೆ. ಫ್ಲಾಟ್ ಲೆಕ್ಕದಲ್ಲಿ ನೀವು ನಾಲ್ಕು ವರ್ಷ ಕಟ್ಟಿ ಅಸಲಿನ ಬಹುಪಾಲು ತೀರಿಸಿದ್ದರೂ ಐದನೆಯ ವರ್ಷಕ್ಕೂ ಪೂರ್ತಿ ಎಂಟು ಲಕ್ಷದ ಮೇಲೆಯೇ ಬಡ್ಡಿ. ಐದು ವರ್ಷದ ಶೇ 7ರ ಫ್ಲಾಟ್ ದರ ಬ್ಯಾಂಕಿನ ಲೆಕ್ಕದಲ್ಲಿ ಶೇ 12.5ಕ್ಕೆ ಸಮ. ಇಲ್ಲೂ ಲಕ್ಷದ ಅಂಕಿಯೇ ಕಾಪಾಡುತ್ತದೆ. ದರ ಎಷ್ಟು ಎಂದು ಕೇಳುವ ಬದಲು ‘ಲಕ್ಷಕ್ಕೆ ಐದು ವರ್ಷಕ್ಕೆ ಕಂತು ಎಷ್ಟು?’ ಎಂದು ಕೇಳಿ. 2,250 ಎಂದರೆ ಯಾವ ಹೆಸರಿನ ದರವಾದರೂ ಅದು ದುಬಾರಿ ಸಾಲ.

ಮುಂಗಡ ಕಂತಿನದೂ ಇದೇ ಬಗೆಯ ವಿಷಯ. ‘ಮೊದಲ ಎರಡು ಇಎಂಐ ಈಗಲೇ ಕೊಟ್ಟುಬಿಡಿ’ ಎಂದರೆ ನಿಮಗೆ ಸಿಕ್ಕ ಸಾಲ ಎಂಟು ಲಕ್ಷವಲ್ಲ, ಅದಕ್ಕಿಂತ ಮೂವತ್ತು ಸಾವಿರಕ್ಕೂ ಹೆಚ್ಚು ಕಡಿಮೆ. ಬಡ್ಡಿಯನ್ನು ಮಾತ್ರ ಎಂಟು ಲಕ್ಷಕ್ಕೇ ಹಾಕಿ ಕಂತು ನಿಗದಿ ಮಾಡಿರುತ್ತಾರೆ. ಆರಂಭದಲ್ಲಿ ಸಣ್ಣ ಕಂತು, ಕೊನೆಯಲ್ಲಿ ಒಂದೇ ಸಲ ದೊಡ್ಡ ಮೊತ್ತ ಎಂಬ ಯೋಜನೆಗಳೂ ಇವೆ. ಸಂಬಳದವರಿಗೆ ಅವು ಬೇಡ.

ಗಾಡಿ ಮನೆಗೆ ಬಂದ ಮೇಲೆ

ಕಂತು ಎಷ್ಟು ಎಂದು ತಿಳಿದ ಮಾತ್ರಕ್ಕೆ ಕಾರಿನ ತಿಂಗಳ ಖರ್ಚು ತಿಳಿದಂತಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 12 ಕಿಲೊಮೀಟರ್ ಸಿಕ್ಕರೆ, ತಿಂಗಳಿಗೆ ಸಾವಿರ ಕಿಲೊಮೀಟರ್ ಓಡಿಸಿದರೆ, ಪೆಟ್ರೋಲಿಗೆ ಲೀಟರಿಗೆ ನೂರರ ಮೇಲೆ ಕೊಡುವಾಗ ಎಂಟೂವರೆ ಸಾವಿರ ಅಲ್ಲಿಗೇ ಹೋಯಿತು. ಕಂಪನಿ ಹೇಳುವ ಮೈಲೇಜನ್ನು ನಂಬಿ ಲೆಕ್ಕ ಹಾಕಬೇಡಿ, ಅದು ಪರೀಕ್ಷಾ ಕೇಂದ್ರದಲ್ಲಿ ಸಿಕ್ಕಿದ್ದು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅಲ್ಲ. ಎರಡನೆಯ ವರ್ಷದಿಂದ ವಿಮೆ ನವೀಕರಣಕ್ಕೆ ತಿಂಗಳ ಲೆಕ್ಕದಲ್ಲಿ ಎರಡು ಸಾವಿರ ಎತ್ತಿಡಬೇಕು. ಸರ್ವೀಸು, ಮುಂದೆ ಟೈರು, ಬ್ಯಾಟರಿ ಎಂದು ಒಂದೂವರೆ ಸಾವಿರ. ಪಾರ್ಕಿಂಗು, ಟೋಲು, ತೊಳೆಯುವ ಹುಡುಗನಿಗೆ ಕೊಡುವುದು ಎಂದು ಒಂದು ಸಾವಿರ. 16,607ರ ಕಂತಿನ ಕಾರು ಮನೆಯ ಖಾತೆಯಿಂದ ತಿಂಗಳಿಗೆ ಎಳೆಯುವುದು ಹತ್ತಿರ ಹತ್ತಿರ 30 ಸಾವಿರ. ಮಂಡ್ಯದಲ್ಲೋ ಹಾವೇರಿಯಲ್ಲೋ ಇರುವವರಿಗೆ ಪೆಟ್ರೋಲು, ಪಾರ್ಕಿಂಗು ಇಷ್ಟಾಗಲಿಕ್ಕಿಲ್ಲ, ಆದರೂ ಕಂತಿನ ಅರ್ಧದಷ್ಟಾದರೂ ಮೇಲುಖರ್ಚು ಇದ್ದೇ ಇರುತ್ತದೆ.

ಈ ಪೂರ್ತಿ ಮೊತ್ತ ಕೈಗೆ ಬರುವ ಸಂಬಳದ ಕಾಲು ಭಾಗ ದಾಟಬಾರದು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಮನೆ ಸಾಲ ನಡೆಯುತ್ತಿದ್ದರೆ ಇನ್ನೂ ಬಿಗಿ ಹಿಡಿಯಬೇಕು. ಬ್ಯಾಂಕು ಇದಕ್ಕಿಂತ ಹೆಚ್ಚು ಕೊಡಲು ಒಪ್ಪಬಹುದು. ಎಲ್ಲ ಸಾಲಗಳ ಕಂತು ಸೇರಿ ಸಂಬಳದ ಅರ್ಧದವರೆಗೆ ಹೋದರೂ ಕೊಡುವ ಬ್ಯಾಂಕುಗಳಿವೆ. ಆದರೆ ಬ್ಯಾಂಕು ನೋಡುವುದು ಸಾಲ ಮರಳಿ ಬರುತ್ತದೆಯೇ ಎಂದು. ಜೂನಿನಲ್ಲಿ ಶಾಲೆಯ ಫೀಸು ಕಟ್ಟಿದ ಮೇಲೆ ನಿಮ್ಮ ಮನೆಯಲ್ಲಿ ಏನು ಉಳಿಯುತ್ತದೆ ಎಂದು ನೋಡುವುದು ಬ್ಯಾಂಕಿನ ಕೆಲಸವಲ್ಲ, ನಿಮ್ಮದು.

ಕಟ್ಟಲು ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದವರಿಗೆ ಒಳ್ಳೆಯ ದಾರಿ ಇದೆ. ಕಾರು ಕೊಳ್ಳುವ ಆರು ತಿಂಗಳ ಮೊದಲೇ ಕಂತಿನಷ್ಟು ದುಡ್ಡನ್ನು ಆರ್‌ಡಿಗೆ ಕಟ್ಟಲು ಶುರುಮಾಡಿ. 16,600 ಎಂದರೆ 16,600, ಪ್ರತಿ ತಿಂಗಳು ಅದೇ ತಾರೀಖು. ಮೂರನೆಯ ತಿಂಗಳಿಗೇ ಉಸಿರು ಕಟ್ಟಿದರೆ ನಿಮ್ಮ ಬಜೆಟ್ಟಿಗೆ ಆ ಕಾರು ದೊಡ್ಡದಾಯಿತು ಎಂದು ಯಾರ ಸಲಹೆಯೂ ಇಲ್ಲದೆ ಗೊತ್ತಾಗುತ್ತದೆ. ಆರೂ ತಿಂಗಳು ಸಲೀಸಾಗಿ ನಡೆದರೆ ಕೈಯಲ್ಲಿ ಒಂದು ಲಕ್ಷ ಇರುತ್ತದೆ. ಅದನ್ನು ಡೌನ್‌ಪೇಮೆಂಟಿಗೆ ಸೇರಿಸಿದರೆ ಐದು ವರ್ಷದ ಕಂತು 2,076 ರೂಪಾಯಿ ಇಳಿಯುತ್ತದೆ.

ತಿಂಗಳ ಸಂಬಳ ಇಲ್ಲದವರ ಮಾತೇ ಬೇರೆ. ಶಿವಮೊಗ್ಗ, ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೂ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೂ ದುಡ್ಡು ಕೈಗೆ ಬರುವುದು ಕೊಯ್ಲಿನ ನಂತರದ ಕೆಲವು ತಿಂಗಳಲ್ಲಿ. ಕಂತು ಮಾತ್ರ ಮಳೆಗಾಲದ ಆಷಾಢದಲ್ಲೂ ತಪ್ಪದೆ ಐದನೆಯ ತಾರೀಖಿಗೆ ಖಾತೆಯಿಂದ ಹೋಗಬೇಕು. ಕೃಷಿ ಆದಾಯದವರಿಗೆ ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಅನುಕೂಲ ಕೆಲವು ಬ್ಯಾಂಕುಗಳಲ್ಲಿದೆ, ಕೇಳಿ ಪಡೆಯಬೇಕು. ಅದು ಸಿಗದಿದ್ದರೆ ಫಸಲಿನ ದುಡ್ಡು ಬಂದಾಗಲೇ ವರ್ಷದ ಹನ್ನೆರಡು ಕಂತಿನಷ್ಟನ್ನು ಬೇರೆ ಖಾತೆಯಲ್ಲಿ ಇಟ್ಟು ಕಂತು ಕಡಿತದ ಒಪ್ಪಿಗೆಯಾದ ಮ್ಯಾಂಡೇಟನ್ನು ಆ ಖಾತೆಗೇ ಕೊಡುವುದು ಕ್ಷೇಮ.

ಯಾಕೆಂದರೆ ಒಂದು ಕಂತು ಬೌನ್ಸ್ ಆದರೆ ಅದು ಬರೀ ದಂಡದಲ್ಲಿ ಮುಗಿಯುವುದಿಲ್ಲ. ನಿಮ್ಮ ಬ್ಯಾಂಕು ಒಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟ ಸಂಸ್ಥೆ ಇನ್ನೊಂದು. ಸಿಬಿಲ್ ಸ್ಕೋರಿಗೆ ಪೆಟ್ಟು ಬೀಳುತ್ತದೆ. ಖಾತೆಯಲ್ಲಿ ದುಡ್ಡಿಲ್ಲದೆ ಮ್ಯಾಂಡೇಟ್ ಮರಳಿದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸಿನ ಹಾಗೆಯೇ ಕೇಸು ಹಾಕಲು ಅವಕಾಶವಿದೆ. ಒಂದು ಸಮಾಧಾನದ ವಿಷಯವೂ ಇದೆ. ತಡವಾದ ಕಂತಿಗೆ ದಂಡ ಬಡ್ಡಿ ಹಾಕಿ ಅದರ ಮೇಲೆ ಚಕ್ರಬಡ್ಡಿ ಬೆಳೆಸುವುದನ್ನು ರಿಸರ್ವ್ ಬ್ಯಾಂಕ್ 2024ರಿಂದ ನಿಲ್ಲಿಸಿದೆ. ಈಗ ಹಾಕಬಹುದಾದ್ದು ಮಿತಿಯಲ್ಲಿರುವ ದಂಡ ಶುಲ್ಕ ಮಾತ್ರ.

ದೀರ್ಘ ಸಾಲದ ಇನ್ನೊಂದು ತೊಂದರೆ ಅಪಘಾತವೋ ಕಳವೋ ಆದಾಗ ಬಯಲಾಗುತ್ತದೆ. ಕಾರು ಪೂರ್ತಿ ಹಾಳಾದರೆ ವಿಮೆಯವರು ಕೊಡುವುದು ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಗಾಡಿಯ ಬೆಲೆಯ ಮೊತ್ತ. ಅದು ಗಾಡಿಯ ವಯಸ್ಸಿನ ಜೊತೆ ಇಳಿಯುತ್ತದೆ: ಮೂರು ವರ್ಷ ದಾಟಿದ ಕಾರಿಗೆ ಬೆಲೆಯ ಶೇ 40 ಸವಕಳಿ ಕಳೆಯುತ್ತಾರೆ. 9 ಲಕ್ಷದ ಕಾರಿಗೆ ಆಗ ಸಿಗುವುದು 5.4 ಲಕ್ಷ. ‘ಎಕ್ಸ್‌ಷೋರೂಮಿಗೆ ನೂರಕ್ಕೆ ನೂರು ಫೈನಾನ್ಸ್’ ಎಂದು ಪೂರ್ತಿ 9 ಲಕ್ಷವನ್ನು ಏಳು ವರ್ಷಕ್ಕೆ ಸಾಲ ಮಾಡಿದ್ದರೆ ಮೂರು ವರ್ಷದ ಕೊನೆಗೆ ಉಳಿದ ಬಾಕಿ 5.8 ಲಕ್ಷ. ವಿಮೆಯ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಮೇಲೆ 40 ಸಾವಿರ ನೀವೇ ತುಂಬಬೇಕು, ಮನೆಯ ಮುಂದೆ ಕಾರೂ ಇರುವುದಿಲ್ಲ. ಅದೇ 8 ಲಕ್ಷವನ್ನು ಐದು ವರ್ಷಕ್ಕೆ ಮಾಡಿದ್ದರೆ ಬಾಕಿ 3.64 ಲಕ್ಷ. ತೀರಿಸಿ ಒಂದೂಮುಕ್ಕಾಲು ಲಕ್ಷ ಕೈಯಲ್ಲಿ ಉಳಿಯುತ್ತದೆ. ಇದನ್ನು ನೋಡಿಯೇ ನಾನು ಐದು ವರ್ಷಕ್ಕೆ ಮೀರಿದ ಕಾರು ಸಾಲ ಬೇಡ ಎನ್ನುವುದು. ಐದು ವರ್ಷದ ಕಂತು ಭಾರವಾದರೆ ಕಾರಿನ ಬೆಲೆ ಇಳಿಸಬೇಕು, ಅವಧಿ ಏರಿಸಬಾರದು.

ಮುಂಚಿತವಾಗಿ ತೀರಿಸುವ ಆಲೋಚನೆ ಇರುವವರು ಸಾಲ ಮಾಡುವ ಮೊದಲೇ ಒಂದು ವಿಷಯ ಕೇಳಬೇಕು: ಬಡ್ಡಿ ಫಿಕ್ಸೆಡ್ಡೋ ಫ್ಲೋಟಿಂಗೋ? ಸ್ವಂತ ಬಳಕೆಗಾಗಿ ವ್ಯಕ್ತಿಗಳು ಪಡೆಯುವ ಫ್ಲೋಟಿಂಗ್ ದರದ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ಅದು ಅನ್ವಯ. ಆದರೆ ಕಾರು ಸಾಲಗಳಲ್ಲಿ ಫಿಕ್ಸೆಡ್ ದರದವು ಬಹಳ. ಅವುಗಳಿಗೆ ಉಳಿದ ಬಾಕಿಯ ಮೇಲೆ ಶುಲ್ಕ ಹಾಕುವ ಸಂಸ್ಥೆಗಳಿವೆ. ಬೋನಸ್ ಬಂದಾಗ ಒಂದು ಲಕ್ಷ ಕಟ್ಟಿಬಿಡುತ್ತೇನೆ ಎಂದು ಲೆಕ್ಕ ಹಾಕಿದವರಿಗೆ ಆ ಷರತ್ತು ಗೊತ್ತಿರಬೇಕು. ಸಾಲ ಪೂರ್ತಿ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಸಾಲದ ನಮೂದನ್ನು ತೆಗೆಸುವುದನ್ನೂ ಮರೆಯಬಾರದು. ಮರೆತವರಿಗೆ ಅದು ನೆನಪಾಗುವುದು ಕಾರು ಮಾರಲು ಹೊರಟಾಗ.

ಇಷ್ಟೆಲ್ಲವನ್ನೂ ಒಂದೇ ಕಡೆ ನೋಡಲು ಈಗ ಒಂದು ಕಾಗದ ಇದೆ. ಅದನ್ನು ಕೇಳುವವರು ಕಡಿಮೆ ಎಂಬುದೇ ನನ್ನ ಬೇಸರ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಚಿಕ್ಕದಾಗಿ ಕೆಎಫ್‌ಎಸ್. 2024ರ ಅಕ್ಟೋಬರ್ 1ರಿಂದ ಪ್ರತಿ ಹೊಸ ಚಿಲ್ಲರೆ ಸಾಲಕ್ಕೂ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಇದನ್ನು ಕೊಡಲೇಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂಬ ನಿಯಮವೂ ಅದರಲ್ಲೇ ಇದೆ, ಆದ್ದರಿಂದ ಕನ್ನಡದಲ್ಲಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಬಹುದು. ಅದರಲ್ಲಿ ಎಪಿಆರ್ ಎಂಬ ಒಂದು ದರ ಇರುತ್ತದೆ. ಬಡ್ಡಿಯ ಜೊತೆಗೆ ಪ್ರೊಸೆಸಿಂಗ್ ಶುಲ್ಕ, ಸಾಲಕ್ಕೆ ಅಂಟಿಸಿದ ವಿಮೆಯ ಕಂತು ಮುಂತಾದವನ್ನೆಲ್ಲ ಸೇರಿಸಿದ ನಿಜವಾದ ವಾರ್ಷಿಕ ದರ ಅದು. ಒಬ್ಬರ ಬಡ್ಡಿ ಶೇ 8.9, ಇನ್ನೊಬ್ಬರದು ಶೇ 9.1 ಇರಬಹುದು, ಎಪಿಆರ್ ನೋಡಿದರೆ ಎರಡನೆಯದೇ ಅಗ್ಗವಾಗಿರಬಹುದು. ತಿಂಗಳು ತಿಂಗಳು ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು ಎಂಬ ಪಟ್ಟಿಯೂ ಜೊತೆಯಲ್ಲಿ ಇರುತ್ತದೆ. ಈ ಕಾಗದದಲ್ಲಿ ಕಾಣಿಸದ ಯಾವ ಶುಲ್ಕವನ್ನೂ ನಿಮ್ಮ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ.

ಆಯುಧ ಪೂಜೆಯ ಹೊತ್ತಿಗೆ ಡೆಲಿವರಿ ಬೇಕು ಎಂಬ ಆತುರದಲ್ಲಿ ಯಾರೂ ಈ ಕಾಗದಕ್ಕೆ ಕಾಯುವುದಿಲ್ಲ. ಕಾಯಿರಿ. ಬುಕಿಂಗ್ ದುಡ್ಡು ಕೊಡುವ ಮೊದಲೇ ಎರಡು ಕಡೆಯಿಂದ ಕೆಎಫ್‌ಎಸ್ ತರಿಸಿಕೊಳ್ಳಿ. ಅದನ್ನು ಕೊಟ್ಟ ಮೇಲೆ ಒಪ್ಪಿಗೆ ತಿಳಿಸಲು ಕನಿಷ್ಠ ಮೂರು ಕೆಲಸದ ದಿನಗಳ ಸಮಯವನ್ನು ರಿಸರ್ವ್ ಬ್ಯಾಂಕಿನ ನಿಯಮವೇ ನಿಮಗೆ ಕೊಟ್ಟಿದೆ, ಅಷ್ಟು ದಿನ ಅದರಲ್ಲಿನ ಷರತ್ತುಗಳಿಗೆ ಸಾಲ ಕೊಡುವವರು ಬದ್ಧರು. ಕಾಗದವನ್ನು ಮನೆಗೆ ತಂದು, ಕಂತನ್ನು ಸಾಲದ ಲಕ್ಷಗಳಿಂದ ಭಾಗಿಸಿ, ನೀವು ಬರೆದಿಟ್ಟುಕೊಂಡ ಅಂಕಿಗೆ ಹೋಲಿಸಿ ನೋಡಿ. ತಾಳೆಯಾಗದಿದ್ದರೆ ಯಾಕೆ ಎಂದು ಕೇಳಿ, ಉತ್ತರ ಬರುವ ತನಕ ಸಹಿ ಹಾಕಬೇಡಿ.